ಹಲಗೂರಿಗೆ ಒಯ್ದ ಕಂಪ್ಯೂಟರ್

ಮದ್ದೂರು
೧೮ ನವೆಂಬರ್ ೨೦೨೪

ಪ್ರೀತಿಯ ಚಲುವರಾಜು,

ಹೇಗಿದ್ದೀಯ? ವೀಣಳ ಮಂಡಿನೋವು ಕಡಿಮೆಯಾಯಿತೆ? ದೀಪಾವಳಿಗೆ ಮುಂಚೆ ನೀನು ಫೋನಿನಲ್ಲಿ ಕೇಳಿದ್ದಕ್ಕೆ ಈಗ ಕಾಗದದಲ್ಲಿ ಉತ್ತರ ಕೊಡುತ್ತಿದ್ದೇನೆ, ಬೈಯಬೇಡ. ಸಣ್ಣಯ್ಯನನ್ನು ನೋಡಿಬಂದೆ. ಬಾಯಲ್ಲಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಲಕ್ವ ಹೊಡೆದ ಮೇಲೆ ಅವನ ಬಲಭಾಗ ಪೂರ್ತಿ ಬಿದ್ದುಹೋಗಿದೆ. ಮಾತು ನಿಂತಿದೆ. ಆದರೆ ಬುದ್ಧಿಗೆ ಏನೂ ಆಗಿಲ್ಲ, ಎಲ್ಲ ತಿಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರಂತೆ. ಮಗಳು ಕವಿತ ಮೊಬೈಲು ಕೊಟ್ಟು ನೋಡಿದಳಂತೆ. ಎಡಗೈ ನಡುಗಿ ಬೇಡದ ಅಕ್ಷರಗಳೇ ಬಿದ್ದು, ಸಿಟ್ಟಿನಿಂದ ನೂಕಿಬಿಟ್ಟನಂತೆ. ಅದನ್ನು ಕೇಳಿದಾಗ ನನಗೆ ನಮ್ಮ ಆ ಹಳೆಯ ಸ್ಪೆಕ್ಟ್ರಮ್ ಕಂಪ್ಯೂಟರ್ ನೆನಪಾಯಿತು. ಮಂಡ್ಯದ ರೂಮಿನಲ್ಲಿ ನಾವು ಮೂವರೂ ಕೂಡಿ ಕೊಂಡಿದ್ದೆವಲ್ಲ, ಅದೇ. ನೀನು ಪತ್ರಿಕೆ ಹಿಡಿದು ಪ್ರೋಗ್ರಾಂ ಓದಿ ಹೇಳುತ್ತಿದ್ದೆ, ಅವನು ನೋಡದೆಯೇ ಒತ್ತುತ್ತಿದ್ದ. ಕರೆಂಟು ಹೋದರೆ ಬೆಳಗಿನಿಂದ ಒತ್ತಿದ್ದೆಲ್ಲ ಮಾಯ. ಈಗ ನನ್ನ ಕೋಣೆಯ ತುಂಬ ಹಳೆಯ ಮೆಷಿನ್ನುಗಳಿವೆ, ಗುಜರಿಯಿಂದ ತಂದವೇ ಹೆಚ್ಚು. ಆದರೂ ವರ್ಷಕ್ಕೊಮ್ಮೆ ತಪ್ಪದೆ ಧೂಳು ತೆಗೆಯುವುದು ಅದೊಂದಕ್ಕೆ ಮಾತ್ರ. ರಬ್ಬರಿನ ಕೀಲಿಗಳು, ಒತ್ತಿದ್ದು ಬೆರಳಿಗೆ ತಿಳಿಯುತ್ತದೆ.

ಅದನ್ನೂ ಪುಟ್ಟ ಟಿವಿಯನ್ನೂ ಚೀಲಕ್ಕೆ ತುಂಬಿ ಬಸ್ಸು ಹತ್ತಿದೆ. ಕಂಡಕ್ಟರು, “ಏನ್ ಯಜಮಾನ್ರೆ, ಈ ಡಬ್ಬ ಗುಜ್ರಿಗಾ? ಮದ್ದೂರಲ್ಲೇ ಆಕ್ಬುಟ್ಟು ಬರಾದಲ್ವಾ?” ಎಂದ. ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ ಹಲಗೂರು ತಲುಪುವಷ್ಟರಲ್ಲಿ ಭುಜ ಇಳಿದುಹೋಗಿತ್ತು.

ಸಣ್ಣಯ್ಯ ಒಣಗಿಹೋಗಿದ್ದಾನೆ, ಚಲುವ. ಮೆಷಿನ್ನು ನೋಡಿದವನೇ ಒಂದು ಕಡೆಯ ತುಟಿಯಲ್ಲಿ ನಕ್ಕ. ಅವನ ಹೆಂಡತಿ ಮೀನಾಕ್ಷಮ್ಮ ದಿಂಬು ಒತ್ತಿ ಕೂರಿಸಿದರು. ಒತ್ತಿದ ಇಂಗ್ಲಿಷ್ ಅಕ್ಷರ ಹಾಗೇ ಟಿವಿಯಲ್ಲಿ ಕಾಣಿಸುವಂತೆ ಒಂದು ಚಿಕ್ಕ ಪ್ರೋಗ್ರಾಂ ಹಾಕಿಕೊಟ್ಟೆ. ಎಡಗೈ ಬೆರಳಿನಿಂದ ನಿಧಾನವಾಗಿ ಒಂದೊಂದೇ ಒತ್ತಿದ. ಒಂದೂ ತಪ್ಪಲಿಲ್ಲ.

“ಏನ್ ಬರ್ದವ್ರೆ ಅಣ್ಣ? ನಂಗೆ ಇಂಗ್ಲಿಸು ಓದಕ್ ಬರಕಿಲ್ಲ” ಎಂದರು ಮೀನಾಕ್ಷಮ್ಮ.

“ನಿಮ್ಮ ಹೆಸರು ಕಣಮ್ಮ” ಎಂದೆ.

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಣ್ಣಯ್ಯನ ಕಣ್ಣಲ್ಲಿ ನೀರು ಸುರಿಯಿತು. “ನೋಡಿ ಅಣ್ಣ, ನನ್ನೆಸ್ರು ಬರ್ದು ಅಳ್ತಾವ್ರೆ! ಮದ್ವೆ ಆದಾಗಿಂದ ಒಂದಿನಾನೂ ಎಸ್ರಿಡ್ದು ಕರ್ದೋರಲ್ಲ” ಎಂದು ಅವನ ಕೈಯನ್ನು ಕೆನ್ನೆಗೆ ಒತ್ತಿಕೊಂಡರು. ಮುದ್ದೆ, ಬಸ್ಸಾರು ಮಾಡಿ ಬಲವಂತವಾಗಿ ಬಡಿಸಿದರು.

ನಿನ್ನ ಆರೋಗ್ಯ ನೋಡಿಕೋ, ಬಿಪಿ ಮಾತ್ರೆ ತಪ್ಪಿಸಬೇಡ. ವೀಣಳಿಗೆ ನಮಸ್ಕಾರ, ಮೊಮ್ಮಗಳು ದೀಪಿಕಳಿಗೆ ಆಶೀರ್ವಾದ. ಎಲ್ಲರೂ ಚೆನ್ನಾಗಿರಿ.

ನಿನ್ನ,
ಲಿಂಗರಾಜು

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅವನು ಬರೆದದ್ದು ಹೆಂಡತಿಯ ಹೆಸರಲ್ಲ ಕಣೋ. ಇಂಗ್ಲಿಷ್ ಅಕ್ಷರದಲ್ಲಿ ‘ಲಿಂಗ, ನನ್ನ ಸಾಯಿಸು’ ಎಂದು ಬರೆದಿದ್ದ. ನಾನು ಬೇರೇನನ್ನೋ ಓದಿ ಹೇಳಿದ್ದು ಕೇಳಿಯೇ ಅವನು ಅತ್ತದ್ದು. ಆಕೆ ಕೆನ್ನೆಗೆ ಒತ್ತಿಕೊಂಡಿದ್ದ ಕೈ ಬಿಡಿಸಿಕೊಂಡು ಮತ್ತೆ ಕೀಲಿಯ ಕಡೆ ಚಾಚಿದ. ನಾನು ಸ್ವಿಚ್ ಆರಿಸಿಬಿಟ್ಟೆ. ಮೆಷಿನ್ನು ಕೆಟ್ಟಿತು, ರಿಪೇರಿ ಮಾಡಿ ತರುತ್ತೇನೆ ಎಂದು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಬಂದೆ. ಮೀನಾಕ್ಷಮ್ಮ ಫೋನು ಮಾಡುತ್ತಲೇ ಇದ್ದಾರೆ. “ರಿಪೇರಿ ಆಯ್ತಾ ಅಣ್ಣ? ಇನ್ನೂ ಏನೋ ಬರೀಬೇಕಂತೆ, ಬೆರಳು ಆಡುಸ್ತಾವ್ರೆ” ಎನ್ನುತ್ತಾರೆ. ಪಾರ್ಟು ಸಿಗುತ್ತಿಲ್ಲ ಎನ್ನುತ್ತಿದ್ದೇನೆ. ಅದಕ್ಕೆ ಏನೂ ಆಗಿಲ್ಲ ಚಲುವ, ಚೆನ್ನಾಗಿಯೇ ಇದೆ. ನೀನು ಒಮ್ಮೆ ಬಾ. ಒಬ್ಬನೇ ಅದನ್ನು ಹೊತ್ತುಕೊಂಡು ಮತ್ತೆ ಅವನ ಮುಂದೆ ಹೋಗಿ ಕೂರಲು ನನ್ನಿಂದ ಆಗುವುದಿಲ್ಲ.