ಸೀಳದೆ ಉಳಿದ ಬಳೆ

ಜೈಫನ್, ಫೆಬ್ರವರಿ ೩

ಪ್ರೀತಿಯ ನಾದಿನಿ ರೋಸ್ವಿತಾಗೆ,

ಅಲ್ಲ, ನಿನ್ನೆ ಫೋನಿನಲ್ಲಿ ‘ಸೀಳಿಬಿಡಿ ಭಾವ, ಮರ ತಾನೆ’ ಅಂದು ಇಟ್ಟುಬಿಟ್ಟೆಯಲ್ಲ, ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕ್ರಿಸ್‌ಮಸ್ಸಿಗೆ ನೀನು ಬರೆದದ್ದಕ್ಕೇ ಇನ್ನೂ ಉತ್ತರ ಹಾಕಿಲ್ಲ, ಕ್ಷಮಿಸು. ಬೆಳಗಿನಿಂದ ಕೆಲಸದ ಕೋಣೆಗೆ ಹೋಗುವುದು, ಆ ಮರದ ಬಳೆಯನ್ನು ಎತ್ತಿಕೊಳ್ಳುವುದು, ಇಡುವುದು, ಮತ್ತೆ ಅಡಿಗೆಮನೆಗೆ ಬರುವುದು. ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಮ್ಯೂಸಿಯಂನ ಫ್ರಾವ್ ತ್ಸೈಡ್ಲರ್ ಮೊನ್ನೆ ಮತ್ತೆ ಬಂದಿದ್ದಳು. ‘ಬಳೆಯಿಂದ ಸೀಳಿದ ಮರದ ಪ್ರಾಣಿಗಳು ನಮ್ಮಲ್ಲಿ ಕಪಾಟು ತುಂಬ ಇವೆ, ಹೆರ್ ಕಾಡೆನ್. ಈ ಕೊನೇ ಬಳೇನ ಇಡಿಯಾಗಿ ಕೊಡಿ, ಗಾಜಿನೊಳಗೆ ಇಡ್ತೀವಿ. ನಿಮ್ಮ ಹೆಂಡತಿ ಲೋರೆ ಹೆಸರೂ ಹಾಕ್ತೀವಿ.’

‘ಒಳಗಿರೋದು ಕತ್ತೆಯೋ ಹಂದಿಯೋ ನೋಡೋದು ಬೇಡ್ವೇ?’ ಅಂದೆ.

‘ನಿಮ್ಮ ಕೈ ಮೇಲೆ ನಮಗೆ ನಂಬಿಕೆ ಇದೆ.’

ಅವಳಿಗಿದೆ. ನನಗಿಲ್ಲ.

ನಿನಗೆ ಗೊತ್ತಲ್ಲ, ಮರ ತಿರುಗಿಸುವ ಚರಕಿಯಲ್ಲಿ ಬಳೆ ಕಡೆಯುವಾಗ ನಮಗೆ ಕಾಣುವುದು ಬರೀ ಏರು ತಗ್ಗು. ಹರಿವಾಣದಗಲದ ಆ ಬಳೆಯಿಂದ ಕೇಕಿನ ಹಾಗೆ ಒಂದು ಹೋಳು ಸೀಳಿ, ಕೊಯ್ದ ಮಗ್ಗುಲು ನೋಡಿದಾಗಲೇ ಪ್ರಾಣಿ. ನಮ್ಮ ಮನೆಯಲ್ಲಿ ಮೊದಲ ಹೋಳು ಯಾವತ್ತೂ ನಿನ್ನಕ್ಕನ ಕೈಗೆ. ಕಿಟಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ‘ನಡೆಯುತ್ತೆ’ ಅನ್ನುತ್ತಿದ್ದಳು, ಇಲ್ಲವೇ ‘ಕುಂಟುತ್ತೆ’. ಕುಂಟುತ್ತೆ ಅಂದರೆ ಇಡೀ ಬಳೆ ಒಲೆಗೆ. ನಾನು ಜಗಳ ಆಡುತ್ತಿದ್ದೆ, ಗೆದ್ದದ್ದಿಲ್ಲ.

ಸೆಪ್ಟೆಂಬರಿನಲ್ಲಿ ಹಾಸಿಗೆಯಲ್ಲೇ ಒರಗಿಕೊಂಡು ಬ್ರೆಡ್ ಸುತ್ತಿದ ಕಾಗದದ ಮೇಲೆ ಒಂದು ಕತ್ತೆ ಬರೆದಳು. ನಿಮ್ಮಪ್ಪನ ಹಾಲಿನ ಗಾಡಿ ಎಳೆಯುತ್ತಿತ್ತಂತಲ್ಲ, ಅದು. ನಾನು ಆ ಪ್ರಾಣಿಯನ್ನು ಕಂಡವನಲ್ಲ. ‘ಕತ್ತು ಇನ್ನೂ ತಗ್ಗಬೇಕು ಎಬರ್‌ಹಾರ್ಟ್, ಗುಡ್ಡ ಹತ್ತಲ್ಲ ಅಂತ ಹಟ ಹಿಡಿದ ಹಾಗಿರಬೇಕು, ನಿನ್ನ ಹಾಗೆ’ ಅಂದಳು. ಅದನ್ನು ನೋಡಿಕೊಂಡು ಕಡೆದ ಈ ಬಳೆ ಮುಗಿಯುವ ಹೊತ್ತಿಗೆ ಅವಳಿರಲಿಲ್ಲ.

ಶನಿವಾರ ಅಮೆರಿಕದ ದಂಪತಿ ಬಂದಿದ್ದರು, ಊರಿಗೆ ಒಯ್ಯಲು ಆಟಿಕೆ ಬೇಕಂತೆ. ಎಲ್ಲ ಬಿಟ್ಟು ಆ ಬಳೆಯ ಮೇಲೇ ಕಣ್ಣು. ‘ವೇರ್ ಈಸ್ ದಿ ಆನಿಮಲ್?’ ಅಂದ ಆತ. ‘ಇನ್‌ಸೈಡ್. ಸ್ಲೀಪಿಂಗ್’ ಅಂದೆ. ಕತ್ತರಿಸಿ ಕೊಡಿ ಎಂದು ಕೈಯಲ್ಲೇ ತೋರಿಸಿದ. ‘ನೋ, ನೋ. ಮೈ ವೈಫ್ ಮಸ್ಟ್ ಸೀ ಫಸ್ಟ್’ ಅಂದುಬಿಟ್ಟೆ. ಮುಂದಿನದಕ್ಕೆ ನನ್ನ ಹರಕು ಇಂಗ್ಲಿಷ್ ಸಾಲಲಿಲ್ಲ. ಪಾಪ, ‘ಓಕೆ, ವೀ ವೇಟ್’ ಎಂದು ಇಬ್ಬರೂ ಬೆಂಚಿನ ಮೇಲೆ ಕೂತೇಬಿಟ್ಟರು! ಏನು ಮಾಡಲಿ? ಕ್ರಿಸ್‌ಮಸ್ಸಿನಿಂದ ಉಳಿದಿದ್ದ ಸ್ಟೋಲನ್ ಕೇಕು ಕತ್ತರಿಸಿ ಕಾಫಿ ಕೊಟ್ಟೆ. ಆ ಹೆಂಗಸು ಆಗಾಗ ಒಳಬಾಗಿಲ ಕಡೆ ನೋಡುತ್ತಿದ್ದಳು. ನಾನೂ ನೋಡಿದೆ. ಕೊನೆಗೆ ಹಳೆಯ ಕುರಿ ಒಂದು ಜೊತೆ ತೆಗೆದುಕೊಂಡು, ‘ಹಲೋ ಟು ಯುವರ್ ವೈಫ್’ ಅಂದು ಹೋದರು.

ಮಂಡಿಗೆ ಉಣ್ಣೆ ಸುತ್ತಿಕೋ, ಚಳಿಗಾಳಿಗೆ ಹೋಗಬೇಡ. ದೇವರು ನಿನ್ನನ್ನೂ ಮಕ್ಕಳನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಭಾವ,
ಎಬರ್‌ಹಾರ್ಟ್

ತಾ.ಕ.: ಕಾಗದ ಮಡಿಸಿಟ್ಟು ಕೋಣೆಗೆ ಹೋಗಿ ಬಂದೆ. ಸೀಳಿದೆ. ಒಂದೇ ಹೋಳು. ಮ್ಯೂಸಿಯಂನವಳು ಎಷ್ಟು ಬೇಕೋ ಅಷ್ಟು ಬೈಯಲಿ. ಕಿಟಕಿಗೆ ಹಿಡಿದು, ಅವಳ ಹಾಗೇ ಒಂದು ಕಣ್ಣು ಮುಚ್ಚಿ ನೋಡಿದೆ. ಬೆನ್ನಿದೆ, ಕಿವಿಯಿದೆ, ಕತ್ತು ತಗ್ಗಿದೆ. ನಿಮ್ಮಪ್ಪನ ಕತ್ತೆ ಹೌದೋ ಅಲ್ಲವೋ ನಾನು ಹೇಗೆ ಹೇಳಲಿ? ಅದನ್ನು ಕಂಡವಳು ಈಗ ನೀನೊಬ್ಬಳೇ. ಹತ್ತಿಯಲ್ಲಿ ಸುತ್ತಿ ಇದರ ಜೊತೆ ಕಳಿಸುತ್ತಿದ್ದೇನೆ. ಬರೆಯಬೇಡ, ಫೋನಿನಲ್ಲೇ ಹೇಳು. ನಿನ್ನ ದನಿ ಅವಳದೇ ದನಿ. ಕುಂಟುತ್ತೆ ಅಂತಲಾದರೂ ಹೇಳು ರೋಸ್ವಿತಾ, ನಾನು ಜಗಳ ಆಡುವುದಿಲ್ಲ. ಸುತ್ತುವ ಮುಂಚೆ ಇನ್ನೊಮ್ಮೆ ನೋಡೋಣವೆಂದು ಎತ್ತಿ ಹಿಡಿದರೆ, ಕಿಟಕಿಯ ಬೆಳಕು ಹೋಗುತ್ತಿದೆ.