ಹನ್ನೊಂದು ಬಕೆಟ್ ಬೀಟ್ರೂಟ್

ಹದಿನಾಲ್ಕನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮೊಂಡಿ ಮಾಡುವ ನಮಸ್ಕಾರ. ಇಲ್ಲಿ ನಾವಿಬ್ಬರೂ ಕ್ಷೇಮ ಅಂತ ಶುರು ಮಾಡಿ ಒಂದು ಹಾಳೆ ಹರಿದು ಹಾಕಿದೆ. ಆ ಸಾಲನ್ನು ಕೊನೆಗೆ ನೋಡೋಣ. ಫೋನ್ ಇರುವಾಗ ಇವಳಿಗೇನು ಬಂತು ಕಾಗದ ಬರೆಯುವ ಚಟ ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ನಾನು ಹಲೋ ಅನ್ನುವಷ್ಟರಲ್ಲೇ ಯಾಕೇ ದನಿ ಹೀಗಿದೆ ಅಂತ ನೀನು ಕೇಳುತ್ತೀ. ಮೂವತ್ತು ವರ್ಷ ನರ್ಸ್ ಕೆಲಸ ಮಾಡಿ ನಿನ್ನ ಕಿವಿ ಅಷ್ಟು ಚುರುಕಾಗಿದೆ. ಇವರು ಮನೆಯಲ್ಲಿರುವಾಗ ಮಾತಾಡುವುದಕ್ಕೂ ಆಗುವುದಿಲ್ಲ.

ಮೊದಲು ಒಳ್ಳೆಯ ಸುದ್ದಿ. ನೀನು ಕಳಿಸಿದ ಬೀಟ್ರೂಟ್ ಬೀಜ ಒಂದೂ ಸುಳ್ಳಾಗಲಿಲ್ಲ. ಪೇಂಟಿನ ಖಾಲಿ ಬಕೆಟ್ ನಾಲ್ಕು ತಂದು, ತಳಕ್ಕೆ ತೂತು ಕೊರೆದು, ಮಣ್ಣು ಗೊಬ್ಬರ ತುಂಬಿ ಟೆರೇಸಿನ ಮೇಲೆ ಸಾಲಾಗಿ ಇಟ್ಟೆ. ಒಂದು ಬೀಜ ಅಂದುಕೊಂಡು ಊರಿದರೆ ಒಂದೇ ಕಡೆ ಮೂರು ನಾಲ್ಕು ಸಸಿ ತಲೆ ಎತ್ತಿದವು. ಗಟ್ಟಿಯಾದ ಒಂದನ್ನು ಬಿಟ್ಟು ಉಳಿದದ್ದನ್ನು ಕಿತ್ತುಬಿಡು ಅಂದಿದ್ದೆಯಲ್ಲ, ಕಿತ್ತರೆ ಪಕ್ಕದ್ದರ ಬೇರೂ ಅಲುಗಾಡುತ್ತದೆ ಅಂತ ನಾನು ದಾರ ಕತ್ತರಿಸುವ ಪುಟ್ಟ ಕತ್ತರಿಯಿಂದ ಬುಡಕ್ಕೆ ಕತ್ತರಿಸಿದೆ. ಟೈಲರ್ ತೋಟ ಮಾಡಿದರೆ ಇನ್ನು ಹೇಗಿರುತ್ತೆ ಹೇಳು. ಎರಡು ತಿಂಗಳಾಗುವಷ್ಟರಲ್ಲಿ ಗಡ್ಡೆಗಳು ಮಣ್ಣಿನಿಂದ ಭುಜ ಹೊರಗೆ ಹಾಕಿ ಕೂತಿದ್ದವು.

ಎರಡು ಬಕೆಟ್ಟಿನದ್ದು ಕಿತ್ತು ತಂದ ದಿನ ನಮ್ಮ ಅಡುಗೆಮನೆ ನೋಡಬೇಕಿತ್ತು ನೀನು. ಎಲೆಯನ್ನು ಬೆಳ್ಳುಳ್ಳಿ ಹಾಕಿ ಎಣ್ಣೆಯಲ್ಲಿ ಬಾಡಿಸಿದೆ. ಗಡ್ಡೆಯನ್ನು ಸಿಪ್ಪೆ ಸಮೇತ, ಎರಡು ಬೆರಳಷ್ಟು ದಂಟು ಬಿಟ್ಟು ಬೇಯಿಸಿದೆ. ಮೊದಲೇ ಹೆಚ್ಚಿದರೆ ಬಣ್ಣವೆಲ್ಲ ನೀರಿನ ಪಾಲು. ಬೆಂದ ಮೇಲೆ ಹೆಬ್ಬೆರಳಲ್ಲಿ ಒತ್ತಿದರೆ ಸಾಕು, ಸಿಪ್ಪೆ ಕಾಲುಚೀಲದ ಹಾಗೆ ಕಳಚಿ ಬರುತ್ತದೆ. ಬಿಸಿ ಬಿಲ್ಲೆಗಳ ಮೇಲೆ ಉಪ್ಪು, ಕಾಳುಮೆಣಸು, ನಾಲ್ಕು ಹನಿ ನಿಂಬೆರಸ. ಎಷ್ಟು ಸಿಹಿ ಅಂತೀ! ಇವರು ಬೇಕರಿಯಿಂದ ಬಂದವರು ಮೈಮೇಲಿನ ಹಿಟ್ಟನ್ನೂ ಕೊಡವದೆ ತಟ್ಟೆ ಖಾಲಿ ಮಾಡಿದರು.

ಮರುದಿನ ಬೆಳಿಗ್ಗೆ ಇಬ್ಬರೂ ಗಾಬರಿಯಾಗಿ ನಿನಗೆ ಫೋನ್ ಮಾಡಿದ್ದು ನೆನಪಿದೆಯಲ್ಲ? ಬಚ್ಚಲಿನಿಂದ ಹೊರಗೆ ಬಂದ ಇವರ ಮುಖದಲ್ಲಿ ರಕ್ತವೇ ಇರಲಿಲ್ಲ. ನೀನು ಬಿದ್ದು ಬಿದ್ದು ನಕ್ಕೆ. ಬೀಟ್ರೂಟ್ ತಿಂದ ಕೆಲವರಿಗೆ ಮೂತ್ರ ಕೆಂಪಗಾಗುತ್ತೆ ಕಣ್ರೋ, ಎರಡು ದಿನಕ್ಕೆ ಸರಿಹೋಗುತ್ತೆ, ಹೋಗದಿದ್ದರೆ ಮಾತ್ರ ನನಗೆ ಹೇಳಿ ಅಂದೆ. ಎರಡೇ ದಿನಕ್ಕೆ ಸರಿಹೋಯಿತು. ಇವರು ಅದನ್ನೇ ಕಥೆ ಕಟ್ಟಿ ಬೇಕರಿಯಲ್ಲೆಲ್ಲ ಹೇಳಿಕೊಂಡು ಬಂದರು.

ಈಗ ಒಂದು ಸಣ್ಣ ವಿಷಯ. ನನ್ನ ಹತ್ತಿರ ಬಟ್ಟೆ ಹೊಲಿಸುವವಳು ಒಬ್ಬಳಿದ್ದಾಳೆ. ಐವತ್ತಮೂರು ವರ್ಷ, ಮುಟ್ಟು ನಿಂತು ಮೂರು ವರ್ಷ ಆಗಿದೆ. ಅವಳೂ ಬೀಟ್ರೂಟ್ ತಿನ್ನುವವಳೇ. ಆದರೆ ತಿನ್ನದೆ ಹನ್ನೆರಡು ದಿನವಾದ ಮೇಲೂ ಅವಳಿಗೆ ಕೆಂಪು ಕಾಣಿಸಿತಂತೆ. ನೋವಿಲ್ಲ, ಜ್ವರವಿಲ್ಲ. ಪಾಪ, ನಿಮ್ಮ ಅಕ್ಕನ್ನ ಕೇಳಿ ಹೇಳಿ ಅಂದಳು. ಏನಿರಬಹುದು?

ಅಕ್ಕಾ, ಪೆನ್ನು ಇಟ್ಟು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಹಾಗೆ ಹೊಲಿಸುವವಳು ಯಾರೂ ಇಲ್ಲ. ಐವತ್ತಮೂರು ಅಂತ ಓದಿದಾಗಲೇ ನಿನಗೆ ಗೊತ್ತಾಗಿರುತ್ತೆ. ನನಗೆ ತುಂಬಾ ಭಯವಾಗಿದೆ.

ತಿನ್ನದೆಯೂ ಕೆಂಪು ಕಂಡ ಅವತ್ತು ಬೆಳಿಗ್ಗೆ ಬಚ್ಚಲಿನ ಚಿಲಕ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಹೊರಗಿನಿಂದ ಇವರು ಬಾಗಿಲು ತಟ್ಟಿ, ಒಳಗೇ ಮನೆ ಮಾಡ್ಕೊಂಡ್ಯಾ ಹೇಗೆ ಅಂತ ಕೇಳಿದರು. ಬಂದೆ ಬಂದೆ ಅಂದೆ. ಇವರು ಕೆಲಸಕ್ಕೆ ಹೋದ ಮೇಲೆ ನಾನು ಏನು ಮಾಡಿದೆ ಗೊತ್ತಾ? ನಿನಗೆ ಫೋನ್ ಮಾಡಲಿಲ್ಲ. ಟೆರೇಸಿಗೆ ಹೋಗಿ ತಡವಾಗಿ ಬಿತ್ತಿದ್ದ ಮೂರನೇ ಬಕೆಟ್ಟಿನಲ್ಲಿ ಗೋಲಿಯಷ್ಟಾಗಿದ್ದ ಎಳೆ ಗಡ್ಡೆಗಳನ್ನೆಲ್ಲ ಕಿತ್ತು ತಂದು, ಬೇಯಿಸಿ, ಒಬ್ಬಳೇ ನಿಂತುಕೊಂಡೇ ತಿಂದೆ. ಬೆಳಿಗ್ಗೆ ಕಂಡದ್ದಕ್ಕೆ ಮಧ್ಯಾಹ್ನ ಕಾರಣ ತಿಂದೆ.

ಅವತ್ತಿನಿಂದ ಒಂದು ದಿನವೂ ಬೀಟ್ರೂಟ್ ತಪ್ಪಿಸಿಲ್ಲ. ದಿನಾ ತಿಂದರೆ ಕೆಂಪು ಕಂಡರೂ ಅದು ಬೀಟ್ರೂಟಿನದ್ದೇ ಅಲ್ಲವಾ? ನಾಲ್ಕಿದ್ದ ಬಕೆಟ್ ಈಗ ಹನ್ನೊಂದು. ಒಂದರದ್ದು ಮುಗಿದರೆ ಇನ್ನೊಂದು ಇರಲಿ ಅಂತ ಹಿಂದೆ ಮುಂದೆ ಬಿತ್ತಿದ್ದೇನೆ. ಅದೂ ಸಾಲದ ದಿನ ಮಾರ್ಕೆಟ್ಟಿನಿಂದ ತಂದು ಬೇಯಿಸಿ, ನಮ್ಮ ಟೆರೇಸಿನದ್ದೇ ಅಂತ ಸುಳ್ಳು ಹೇಳುತ್ತೇನೆ. ಸೂಪು, ತುರಿದು ಮೊಸರಿಗೆ, ಸುಟ್ಟು ಬ್ರೆಡ್ಡಿನ ಮೇಲೆ. ಸಾಕು ಕಣೇ, ಇನ್ನು ನಾನು ಬೇಯಿಸೋ ಬ್ರೆಡ್ಡೂ ಕೆಂಪಗೆ ಬರುತ್ತೆ ಅಂತ ಇವರು ಕೈ ಮುಗಿದರು. ನಗುನಗುತ್ತಲೇ ಅವರ ತಟ್ಟೆಯಿಂದ ನನ್ನದಕ್ಕೆ ಬಗ್ಗಿಸಿಕೊಂಡೆ. ಅಷ್ಟು ರುಚಿಯಾಗಿದ್ದದ್ದು ಈಗ ಬಾಯಲ್ಲಿ ಮಣ್ಣಿನ ಹಾಗೆ ಹೊರಳುತ್ತೆ.

ಅಮ್ಮ ಉಷ್ಣ ಅನ್ನುತ್ತಿದ್ದಳು, ನೆನಪಿದೆಯಾ? ಉಷ್ಣ ಆಗಿದೆ ಕಣ್ರೇ, ನೀರು ಜಾಸ್ತಿ ಕುಡಿದರೆ ಹೋಗುತ್ತೆ ಅಂತ ಆರು ತಿಂಗಳು ಹೇಳಿದಳು. ನಾವು ಏಳುವ ಮೊದಲೇ ತನ್ನ ಬಟ್ಟೆ ತಾನೇ ಒಗೆದು ಹಾಕುತ್ತಿದ್ದಳು. ನಿನ್ನ ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿತ್ತು. ಮೂರು ತಿಂಗಳು ಮೊದಲೇ ಕರಕೊಂಡು ಬಂದಿದ್ದರೆ ಏನಾದರೂ ಮಾಡಬಹುದಿತ್ತು ಅಂದರಂತೆ ಡಾಕ್ಟರು. ನೀನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೇ ಇವಳಿಗೆ ಅಂತ ನನ್ನ ಭುಜ ಹಿಡಿದು ಅಲುಗಾಡಿಸಿದ್ದೆ. ನನಗೂ ಅಮ್ಮನ ಮೇಲೆ ಕೆಟ್ಟ ಕೋಪ ಬಂದಿತ್ತು. ಈಗ ಅವಳ ಮೇಲೆ ಕೋಪವಿಲ್ಲ ಅಕ್ಕಾ. ಹೇಳುವ ತನಕ ಅದು ಉಷ್ಣ, ಹೇಳಿದ ಮೇಲೆ ಕಾಯಿಲೆ. ಅವಳಿಗೆ ಉಷ್ಣ ಇತ್ತು, ನನಗೆ ಬೀಟ್ರೂಟ್ ಇದೆ.

ಕೆಂಪು ದಾರದ ಉಂಡೆಗಳನ್ನೆಲ್ಲ ಡಬ್ಬಿಗೆ ಹಾಕಿ ಮುಚ್ಚಿಟ್ಟಿದ್ದೇನೆ. ಮೊನ್ನೆ ಒಬ್ಬರು ಕೆಂಪು ಬಟ್ಟೆ ತಂದರೆ ಮೆಷಿನ್ ಕೆಟ್ಟಿದೆ ಅಂತ ವಾಪಸ್ ಕಳಿಸಿದೆ. ಈಗ ಹೊಲಿಯುತ್ತಿರುವುದು ಶಾಲೆಯ ಬಿಳಿ ಅಂಗಿಗಳು. ಅದರಲ್ಲೂ ನೆಮ್ಮದಿ ಇಲ್ಲ. ಮೂವತ್ತು ವರ್ಷದಿಂದ ಸೂಜಿ ಚುಚ್ಚಿಸಿಕೊಂಡವಳು ನಾನು, ಬಿಳಿ ಬಟ್ಟೆಯ ಮೇಲೆ ರಕ್ತ ಹೇಗಿರುತ್ತೆ ಅಂತ ಯಾರೂ ನನಗೆ ಹೇಳಿಕೊಡಬೇಕಿಲ್ಲ. ಒಣಗಿದ ಮೇಲೆ ಕಂದು ಬಣ್ಣಕ್ಕೆ ತಿರುಗುತ್ತೆ. ಬೀಟ್ರೂಟ್ ಕಲೆ ಹಾಗಲ್ಲ, ಒಣಗಿದರೂ ಗುಲಾಬಿಯಾಗಿಯೇ ಇರುತ್ತೆ. ಅಂದರೆ ಒಂದು ತುಂಡು ಬಿಳಿ ಬಟ್ಟೆ ಇದ್ದರೆ ಸಾಕು, ನನಗೆ ಗೊತ್ತಾಗಿಬಿಡುತ್ತೆ. ಮೆಷಿನ್ ಕೆಳಗಿನ ಬುಟ್ಟಿ ತುಂಬಾ ಅಂಥವೇ ಇವೆ. ಧೈರ್ಯ ಸಾಲುತ್ತಿಲ್ಲ. ನಾಳೆ ಖಂಡಿತ ನೋಡುತ್ತೇನೆ.

ಅಷ್ಟರೊಳಗೆ ನೀನು ಎರಡು ಸಾಲು ಬರೆ. ಕೆಲವರ ಮೈಯಲ್ಲಿ ಬೀಟ್ರೂಟ್ ಬಣ್ಣ ಹದಿನೈದು ದಿನವೂ ಉಳಿಯುತ್ತೆ ಮೊಂಡಿ, ಸುಮ್ಮನೆ ಕೆಲಸ ನೋಡು ಅಂತ ಬರೆ. ಇವರಿಗೆ ಇನ್ನೂ ಏನೂ ಗೊತ್ತಿಲ್ಲ.

ಬಿಟ್ಟಿದ್ದ ಸಾಲು ಈಗ ಬರೆಯುತ್ತೇನೆ. ಇಲ್ಲಿ ಇವರು ಕ್ಷೇಮ.

ಇಂತಿ ನಿನ್ನ,
ಮೊಂಡಿ

ತಾ.ಕ.: ನಾಳೆ ನೋಡುತ್ತೇನೆ ಅಂದದ್ದು ಸುಳ್ಳು. ಮೂರು ವಾರದ ಹಿಂದೆಯೇ ನೋಡಿದ್ದೇನೆ. ಎರಡು ಬಿಳಿ ತುಂಡು ತೆಗೆದುಕೊಂಡು, ಒಂದನ್ನು ಬೀಟ್ರೂಟ್ ಬೇಯಿಸಿದ ನೀರಿನಲ್ಲಿ ಅದ್ದಿ, ಇನ್ನೊಂದನ್ನು ಬಚ್ಚಲಿಗೆ ಒಯ್ದು, ಎರಡನ್ನೂ ಟೆರೇಸಿನ ಹಗ್ಗಕ್ಕೆ ಹಾಕಿದೆ. ಒಂದು ಗುಲಾಬಿಯಾಗಿಯೇ ಉಳಿಯಿತು. ಇನ್ನೊಂದು ಉಳಿಯಲಿಲ್ಲ. ಅದಾದ ಮೇಲೂ ಐದು ಬಕೆಟ್‌ಗೆ ಬೀಜ ಹಾಕಿದೆ. ಈ ಕಾಗದವನ್ನು ಟಪಾಲಿಗೆ ಹಾಕುವುದಿಲ್ಲ, ಹಾಕಿದರೆ ನಿನ್ನ ಉತ್ತರ ಬರುವ ತನಕ ಮತ್ತೆ ತಿನ್ನುತ್ತಾ ಕೂರುತ್ತೇನೆ. ಗುರುವಾರ ಬೆಳಗಿನ ಬಸ್ಸಿಗೆ ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ಈಗ ನೀನು ಓದುತ್ತಿರುವಾಗ ನಿನ್ನ ಎದುರಿಗೇ ಕೂತಿದ್ದೇನೆ. ಬೈಯುವುದನ್ನು ಆಮೇಲಕ್ಕೆ ಇಟ್ಟುಕೊ. ಚಪ್ಪಲಿ ಹಾಕಿಕೊ ಅಕ್ಕಾ, ಆಸ್ಪತ್ರೆಗೆ ಹೋಗೋಣ.