ಪಂಚಾಂಗ ನೋಡುವಷ್ಟು ಹೊತ್ತು

ಚಾಮರಾಜಪೇಟೆ, ಬೆಂಗಳೂರು
೮ ನವೆಂಬರ್ ೨೦೨೫, ಶನಿವಾರ

ಪ್ರೀತಿಯ ದೊಡ್ಡಮ್ಮನಿಗೆ ಆರಾಧನಾಳ ನಮಸ್ಕಾರ.

ಈ ದಿನ ಬೆಳಿಗ್ಗೆ ದೊಡ್ಡಪ್ಪ ಏಕಾದಶಿ ಯಾವತ್ತು ಎಂದು ಕೇಳಿದರು. ಅಡುಗೆಮನೆಯ ಮೊಳೆಯಿಂದ ಪಂಚಾಂಗ ತೆಗೆದು ಪುಟ ತಿರುವುತ್ತಿದ್ದಾಗ, ಶ್ರಾವಣದ ಪುಟದಲ್ಲಿ ಜುಲೈ ೩೧ಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿರುವುದು ಕಂಡಿತು. ಪಕ್ಕದಲ್ಲಿ ಏನೂ ಬರೆದಿರಲಿಲ್ಲ.

ನಿಮ್ಮ ಸೊಂಟನೋವು ಹೇಗಿದೆ? ಬಿಂದು ಅಕ್ಕ, ಮಗು ಕ್ಷೇಮವೇ? ಮಗಳ ಬಾಣಂತನ ಮುಗಿಯುವ ಹೊತ್ತಿಗೆ ನೀವೇ ಹಾಸಿಗೆ ಹಿಡಿಯಬೇಡಿ. ನಿಮ್ಮ ಎಡಗಣ್ಣಿನ ಪೊರೆ ಹೆಚ್ಚಾಗಿದೆಯಂತೆ. ಮಗುವಿಗೆ ನೀರು ಹಾಕುವಾಗ ನಿಮಗೆ ಚೊಂಬಿನ ಅಂದಾಜು ಸಿಗುವುದಿಲ್ಲವೆಂದು ಬಿಂದು ಅಕ್ಕ ಪಕ್ಕದಲ್ಲೇ ನಿಂತಿರುತ್ತಾಳಂತೆ. ನೀವು ಮೈಸೂರಿಗೆ ಹೊರಡುವಾಗ ಹೇಳಿದ್ದು, "ಆಪರೇಷನ್‌ಗೆ ಡೇಟ್ ಸಿಗ್ಲಿಲ್ಲ ಕಣೇ, ಬಂದ್ಮೇಲೆ ಮಾಡಿಸ್ಕೊಂಡ್ರಾಯ್ತು" ಎಂದಷ್ಟೇ. ನಿಮ್ಮ ಕಣ್ಣಿಗೆ ಕಾಣಲೆಂದೇ ಅಕ್ಷರ ದಪ್ಪಗೆ ಬರೆದಿದ್ದೇನೆ. ದೊಡ್ಡಪ್ಪ ಆರೋಗ್ಯವಾಗಿದ್ದಾರೆ. ನನ್ನ ಸಾರಿಗೆ ಹುಳಿ ಹೆಚ್ಚು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಅನ್ನಕ್ಕೆ ಬೇಗ ಮಜ್ಜಿಗೆ ಕೇಳುತ್ತಾರೆ.

ಇನ್ನು ಶೇಷಾದ್ರಿಪುರದ ನನ್ನ ಕೆಲಸ. ಆಸ್ಪತ್ರೆಗಳ ಫೋನ್ ಎತ್ತಿ ಮಾತಾಡುವ ಎಐ ಯಂತ್ರದ ಕನ್ನಡ ತಿದ್ದಲು ನನ್ನನ್ನು ತೆಗೆದುಕೊಂಡಿದ್ದರಲ್ಲ. ನೀವು ಹೋಗುವ ಕಣ್ಣಾಸ್ಪತ್ರೆಯ ಫೋನನ್ನೂ ಈಗ ಅದೇ ಎತ್ತುತ್ತದೆ. "ಕನ್ನಡ ಎಂ.ಎ. ಮಾಡಿ ಮೆಷಿನ್‌ಗೆ ಮಾತು ಕಲಿಸ್ತಾಳಂತೆ! ನೆಂಟ್ರು ಬಂದ್ರೆ ರೂಮು ಸೇರ್ಕೊಳ್ಳೋಳು" ಎಂದು ನೀವು ನಕ್ಕಿದ್ದಿರಿ. ಜೂನ್ ತಿಂಗಳಲ್ಲಿ ನಮ್ಮ ತಂಡದ ಮುಖ್ಯಸ್ಥ ಅಭಿರಾಮ ಅವರು, ಯಂತ್ರ ಯಾವಾಗ ಮಾತಾಡಬೇಕು, ಯಾವಾಗ ಮುಗಿಸಬೇಕು ಎಂದು ತೀರ್ಮಾನಿಸುವ ಕೆಲಸವನ್ನೂ ಪರೀಕ್ಷೆಗೆಂದು ನನಗೇ ಕೊಟ್ಟರು. ಇದನ್ನು ಪ್ರಾಡಕ್ಟ್ ಕೆಲಸ ಎನ್ನುತ್ತಾರೆ. ಕೋಡ್ ಬರೆಯಲು ಬರಬೇಕಿಲ್ಲ. ಮೊದಲ ಸಭೆಯಲ್ಲಿ, ಯಂತ್ರ ಆಪರೇಷನ್ನಿನ ದಿನಾಂಕ ಹೇಳಿದ ಮೇಲೆ ರೋಗಿಯ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಎಂದು ಎಲ್ಲರೂ ನನ್ನ ಮುಖ ನೋಡಿದರು. ಏನಾದರೂ ಹೇಳಿ ಮುಗಿಸಬೇಕಿತ್ತು. ಎಂಟು ಸೆಕೆಂಡು ಎಂದೆ. ಅಷ್ಟರಲ್ಲಿ ಉತ್ತರ ಬರದಿದ್ದರೆ ಯಂತ್ರ ಧನ್ಯವಾದ ಹೇಳಿ, 'ಆಸಕ್ತಿ ಇಲ್ಲ' ಎಂದು ಬರೆದುಕೊಂಡು ಕರೆ ಮುಗಿಸುತ್ತದೆ. ಕರೆಗಳು ಚಿಕ್ಕವಾದವು, ನನಗೆ ಚಪ್ಪಾಳೆ ಸಿಕ್ಕಿತು. ಕರೆಯ ಹೊತ್ತು ಎಷ್ಟು ಕಡಿಮೆಯಾಯಿತು ಎನ್ನುವ ಅಂಕಿಯನ್ನು ಸೋಮವಾರ ಆಸ್ಪತ್ರೆಯವರಿಗೆ ತೋರಿಸಬೇಕು. ಅವರು ಒಪ್ಪಿದರೆ ನನ್ನ ಕೆಲಸ ಖಾಯಂ.

ಅದರ ತಯಾರಿಗೆಂದು ಈ ವಾರ 'ಆಸಕ್ತಿ ಇಲ್ಲ'ದ ನಲವತ್ತು ಕರೆಗಳನ್ನು ಕೇಳಿದೆ. ಉಳಿದವರು ಬರಹಕ್ಕಿಳಿದದ್ದನ್ನು ಓದುತ್ತಾರೆ. ಅದರಲ್ಲಿ ಆ ಎಂಟು ಸೆಕೆಂಡಿಗೆ ಮೂರು ಚುಕ್ಕಿ. ನನಗೆ ಕೇಳಿಸಿದ್ದು ಬೀರು ತೆಗೆದ ಸದ್ದು, ಕುಕ್ಕರಿನ ಕೂಗು, ಎದ್ದು ಹೋಗುವ ಹೆಜ್ಜೆ. ಒಬ್ಬರು ಒಳಗಿನವರನ್ನು ಕೂಗುತ್ತಾರೆ: "ಲೇ, ಅಮಾವಾಸ್ಯೆ ಯಾವತ್ತೇ?" ಇನ್ನೊಬ್ಬರು: "ಇರಮ್ಮ, ಈ ಹಾಳಾದ್ ಕನ್ನಡಕ ಎಲ್ಲಿಟ್ನೋ..." ಇಪ್ಪತ್ತಾರು ಜನ ಪಂಚಾಂಗವನ್ನೋ ಕ್ಯಾಲೆಂಡರನ್ನೋ ನೋಡಲು ಎದ್ದುಹೋದವರು. ಅಭಿರಾಮ ಅವರಿಗೆ ಹೇಳಿದೆ. "ಪಂಚಾಂಗ ನೋಡೋರಿಗೆಲ್ಲ ಕಾಯ್ತಾ ಕೂತ್ರೆ ಮೆಷಿನ್ ಯಾಕ್ರೀ ಬೇಕು? ಸೋಮವಾರ ಕಳೀಲಿ. ನಿಮ್ಮ ನಂಬರ್ ನೀವೇ ಹಾಳ್ಮಾಡ್ಕೋತೀರಾ?" ಎಂದರು. ಕೆಟ್ಟವರಲ್ಲ. ಅವರ ಮನೆಯಲ್ಲಿ ಪಂಚಾಂಗ ಇಲ್ಲದಿರಬಹುದು. ಗೃಹಪ್ರವೇಶದಿಂದ ಹಿಡಿದು ಹಲ್ಲು ಕೀಳಿಸುವವರೆಗೆ ನೀವು ಆ ಮೊಳೆಯ ಹತ್ತಿರ ಹೋಗಿ ಬರುವುದನ್ನು ನೋಡುತ್ತಲೇ ಬೆಳೆದವಳು ನಾನು. ಎಂಟು ಎಂದವಳೂ ನಾನೇ.

ಮಗುವಿಗೆ ದೊಡ್ಡಪ್ಪನ ಆಶೀರ್ವಾದ, ಅಕ್ಕನಿಗೆ ನನ್ನ ನೆನಪು. ಬಿಸಿನೀರಿನ ಹತ್ತಿರ ಜೋಪಾನ.

ನಿಮ್ಮ
ಆರಾಧನಾ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಆ ಇಪ್ಪತ್ತಾರರಲ್ಲಿ ಒಂದು ಕರೆ ನಿಮ್ಮದು. ಯಂತ್ರ ಜುಲೈ ೩೧ ಎನ್ನುತ್ತದೆ, ನೀವು "ಇರು ತಾಯಿ, ಒಂದ್ನಿಮಿಷ" ಎಂದು ಅಡುಗೆಮನೆ ಕಡೆ ನಡೆಯುತ್ತೀರಿ. ಎಂಟು ಸೆಕೆಂಡಿಗೆ ಕರೆ ಮುಗಿಯಿತು. ತಿರುಗಿ ಬಂದು ನೀವು ಏನು ಹೇಳುವವರಿದ್ದಿರಿ ಎನ್ನುವುದು ಪೆನ್ಸಿಲಿನ ಸುತ್ತು ನೋಡಿದ ಮೇಲೆ ಇವತ್ತು ತಿಳಿಯಿತು. ಸೋಮವಾರ ಅಂಕಿ ತೋರಿಸುವುದಿಲ್ಲ. ನಿಮ್ಮದೊಂದನ್ನು ಬಿಟ್ಟು ಉಳಿದ ಇಪ್ಪತ್ತೈದು ಕರೆಗಳನ್ನು ಕೇಳಿಸುತ್ತೇನೆ. ಖಾಯಂ ಆಗದಿದ್ದರೆ ಬೇಡ. ಮಧ್ಯಾಹ್ನ ಆಸ್ಪತ್ರೆಗೆ ನಾನೇ ಹೋಗಿ ನಿಮ್ಮ ಆಪರೇಷನ್‌ಗೆ ನವೆಂಬರ್ ೨೭ ಹಿಡಿದಿಟ್ಟು ಬಂದೆ. ಗುರುವಾರ, ಶುದ್ಧ ಸಪ್ತಮಿ. ನೀವು ಸುತ್ತು ಹಾಕಿದ ದಿನದ್ದೇ ವಾರ, ಅದೇ ತಿಥಿ. ಅಲ್ಲಿಯ ಪಂಚಾಂಗದಲ್ಲೂ ಒಮ್ಮೆ ನೋಡಿ ಹೇಳಿ. ನಿಧಾನವಾಗಿ ನೋಡಿ.